ಆ ಸೈಕಲ್ಲಿನ ಹೆಸರು ‘ವಿಶ್ವಾಸ’



“ಫಾದರ್, ಕದ್ದು ಸಿಕ್ಕಿಬಿದ್ದವನನ್ನು ಸುಮ್ಮನೆ ಬಿಟ್ಟು ಕಳುಹಿಸುವ ಸಿನಿಮಾವನ್ನು ತಪಸ್ಸುಕಾಲದಲ್ಲಿ ಮಕ್ಕಳಿಗೆ ತೋರಿಸುವುದೇ?”

ನಮ್ಮ ಹಿರಿಯರೊಬ್ಬರು ನನ್ನನ್ನು ಕೇಳಿದ ಪ್ರಶ್ನೆಯಿದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಯುವಜನರು ಒಂದು ಶನಿವಾರ ಒಟ್ಟುಗೂಡಿದ್ದರು. ಸಂಜೆ ಸಭಾಂಗಣದ ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ ಅವರಿಗೆ ಹಳೆಯದೊಂದು ಇಟಾಲಿಯನ್ ಚಿತ್ರವನ್ನು ತೋರಿಸಿದ್ದೆ. ವಿತ್ತೋರಿಯೋ ದೆ ಸೀಕಾ ನಿರ್ದೇಶಿಸಿ 1948ರಲ್ಲಿ ತೆರೆಗೆ ತಂದ ‘ಬೈಸಿಕಲ್ ಥೀವ್ಸ್’, ಅಂದರೆ ‘ಸೈಕಲ್ ಕಳ್ಳರು’. ಮಾತು ತಿಳಿಯದ ಕಡೆಗಳಲ್ಲಿ ನಾನೇ ಎದ್ದುನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ಚಿತ್ರ ಮುಗಿದಾಗ ಯುವಜನರು ಮೌನವಾಗಿದ್ದರು. ಮಾತನಾಡಿದವರು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆ ಹಿರಿಯರು.

ಅವರ ದೂರುಗಳು ಮೂರು. ಮೊದಲನೆಯದು, ಈ ಚಿತ್ರ ಕಳ್ಳತನವನ್ನು ಮನ್ನಿಸುತ್ತದೆ. ಎರಡನೆಯದು, ದೇವಾಲಯವನ್ನೂ ಧರ್ಮಸಭೆಯನ್ನೂ ಗೇಲಿ ಮಾಡುತ್ತದೆ. ಮೂರನೆಯದು, ನಿರಾಶೆಯನ್ನು ಬಿತ್ತುತ್ತದೆ. ಕ್ರೈಸ್ತರಾದ ನಾವು ಭರವಸೆಯ ಜನ. ಅವರು ಸಜ್ಜನರು, ದಾನಧರ್ಮದಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಅವರ ಮಾತಿಗೆ ತಲೆದೂಗಿದವರೂ ಆ ಸಂಜೆ ಸಾಕಷ್ಟು ಮಂದಿ ಇದ್ದರು. ಆದುದರಿಂದ ನನ್ನ ಉತ್ತರವನ್ನು ಅವರೊಬ್ಬರಿಗೆ ಹೇಳಿ ಮುಗಿಸದೆ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ. ಮಾತು ಖಾರವಾಯಿತೆನಿಸಿದರೆ ಮನ್ನಿಸಿ. ಆ ಖಾರದಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಥೆ

ಎರಡನೆಯ ಮಹಾಯುದ್ಧ ರೋಮ್ ನಗರವನ್ನು ಹಿಂಡಿಹಾಕಿತ್ತು. 1943ರ ಸೆಪ್ಟೆಂಬರಿನಿಂದ ಜರ್ಮನ್ ಸೇನೆಯ ವಶದಲ್ಲಿದ್ದ ನಗರ 1944ರ ಜೂನ್ 4ರಂದು ಬಿಡುಗಡೆ ಕಂಡಿತು. ಯುದ್ಧ ನಿಂತಿತು, ಆದರೆ ಕೆಲಸ ಹುಟ್ಟಲಿಲ್ಲ. 1948ರ ಜನವರಿ 1ರಂದು ಜಾರಿಗೆ ಬಂದ ಇಟಲಿಯ ಹೊಸ ಸಂವಿಧಾನದ ಮೊದಲನೆಯ ವಿಧಿಯೇ ಆ ಗಣರಾಜ್ಯ ದುಡಿಮೆಯ ತಳಹದಿಯ ಮೇಲೆ ನಿಂತಿದೆಯೆಂದು ಸಾರಿತು. ಅದೇ ವರ್ಷ ಬಂದ ಈ ಚಿತ್ರದ ಆರಂಭದಲ್ಲಿ ಕೆಲಸವಿಲ್ಲದವರ ಗುಂಪೊಂದು ಒಬ್ಬ ಅಧಿಕಾರಿಯನ್ನು ಮುತ್ತಿಕೊಂಡಿರುತ್ತದೆ.

ಅಂತೋನಿಯೋ ರಿಚ್ಚಿ ಎಂಬವನಿಗೆ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಷರತ್ತು ಒಂದೇ: ಸ್ವಂತ ಸೈಕಲ್ ಇರಬೇಕು. ಅವನ ಸೈಕಲ್ ಗಿರವಿಯಲ್ಲಿದೆ. ಅವನು ತಡವರಿಸಿದೊಡನೆ ಸುತ್ತ ನಿಂತವರೆಲ್ಲ ‘ನನಗಿದೆ ಸೈಕಲ್, ಆ ಕೆಲಸ ನನಗೆ ಕೊಡಿ’ ಎಂದು ಕೂಗತೊಡಗುತ್ತಾರೆ. ಮನೆಗೆ ಬಂದರೆ ಹೆಂಡತಿ ಮರಿಯ ಬೀದಿಯ ನಲ್ಲಿಯಿಂದ ಎರಡು ಬಕೆಟ್ ನೀರು ಹೊತ್ತು ಬರುತ್ತಿದ್ದಾಳೆ. ಕೊಳವೆಬಾವಿ ಬತ್ತಿದಾಗ ಖಾಲಿ ಬಿಂದಿಗೆ ಸಾಲಿಟ್ಟು ಕಾದು ಬೆಳೆದ ನಮ್ಮ ಹುಡುಗಿಯರು ಆ ದೃಶ್ಯವನ್ನು ನಾನು ವಿವರಿಸುವ ಮೊದಲೇ ಅರ್ಥಮಾಡಿಕೊಂಡಿದ್ದರು. ಮರಿಯ ಹೆಚ್ಚು ಮಾತನಾಡುವುದಿಲ್ಲ. ಮಂಚದ ಹಾಸುಬಟ್ಟೆಗಳನ್ನು ಎಳೆದು ತೆಗೆದು, ಗಂಟು ಕಟ್ಟಿ, ಗಿರವಿಗೆ ಒಯ್ಯುತ್ತಾಳೆ. ಆ ಹಣದಿಂದ ಸೈಕಲ್ ಬಿಡಿಸಿಕೊಳ್ಳುತ್ತಾರೆ. ಕಚೇರಿಯ ನೌಕರ ಅವಳ ಗಂಟನ್ನು ಹಿಡಿದುಕೊಂಡು ಏಣಿಯಂತಹ ಕಪಾಟನ್ನು ಹತ್ತುತ್ತಾನೆ. ಸೂರಿನವರೆಗೆ ಅಂತಹ ಗಂಟುಗಳೇ. ಒಂದು ನಗರ ತನ್ನ ಹಾಸಿಗೆಯ ಬಟ್ಟೆಯನ್ನೆಲ್ಲ ಒತ್ತೆಯಿಟ್ಟು ಬರಿಯ ಮಂಚದ ಮೇಲೆ ಮಲಗಿದೆ.

ಇಲ್ಲೊಂದು ಸಣ್ಣ ಸಂಗತಿಯನ್ನು ಗಮನಿಸಿ. ಬಿಡಿಸಿಕೊಂಡ ಸೈಕಲ್ಲನ್ನು ಅಂತೋನಿಯೋ ಮೊದಲ ದಿನ ಒಂದು ಮನೆಯ ಬಾಗಿಲಲ್ಲಿ ನಿಲ್ಲಿಸಿ, ಅಲ್ಲಿ ಆಡುತ್ತಿದ್ದ ಗುರುತಿಲ್ಲದ ಹುಡುಗನಿಗೆ ನೋಡಿಕೊಳ್ಳಲು ಹೇಳಿ ಒಳಗೆ ಹೋಗುತ್ತಾನೆ. ಹಿಂದಿರುಗಿ ಬಂದಾಗ ಸೈಕಲ್ ಅಲ್ಲಿಯೇ ಇರುತ್ತದೆ. ಆ ನಗರದಲ್ಲಿ ನಂಬಿಕೆ ಇನ್ನೂ ಸತ್ತಿರಲಿಲ್ಲ. ಮರುದಿನ ಅವನು ಏಣಿಯ ಮೇಲೆ ನಿಂತು ರೀಟಾ ಹೇವರ್ತ್ ಎಂಬ ನಟಿಯ ಭಿತ್ತಿಪತ್ರದ ಸುಕ್ಕು ತೀಡುತ್ತಿರುವಾಗ ಕಳ್ಳನೊಬ್ಬ ಸೈಕಲ್ ಹತ್ತಿ ಪರಾರಿಯಾಗುತ್ತಾನೆ. ಅಲ್ಲಿಂದಾಚೆಗೆ ಅಂತೋನಿಯೋ ಎಳೆಯ ಮಗ ಬ್ರೂನೋನನ್ನು ಕರೆದುಕೊಂಡು ನಗರವನ್ನೆಲ್ಲ ಅಲೆಯುತ್ತಾನೆ. ಪೊಲೀಸರಿಗೆ ಅದು ಕೇವಲ ಒಂದು ಸೈಕಲ್. ಹಳೆಯ ಸಾಮಾನಿನ ಸಂತೆಯಲ್ಲಿ ಬಿಡಿಭಾಗಗಳ ರಾಶಿಯೇ ಇದೆ. ಕೇಳಿದರೆ ವ್ಯಾಪಾರಿ ಸಿಡುಕುತ್ತಾನೆ. ದೇವಾಲಯದಲ್ಲಿ ‘ಸದ್ದು ಮಾಡಬೇಡ’ ಎನ್ನುತ್ತಾರೆ. ಕಳ್ಳ ಸಿಕ್ಕಾಗ ಅವನ ಬೀದಿಯವರೆಲ್ಲ ಅವನ ಪರವಾಗಿ ಹೊಡೆಯಲು ಬರುತ್ತಾರೆ. ಪೊಲೀಸಿನವನು ಬಂದು ನೋಡಿದರೆ ಕಳ್ಳನ ಮನೆ ಇವನ ಮನೆಗಿಂತ ಬರಿದು; ಸಾಕ್ಷಿಯೂ ಇಲ್ಲ, ಸೈಕಲ್ಲೂ ಇಲ್ಲ.

ಕೊನೆಗೆ ಫುಟ್‌ಬಾಲ್ ಮೈದಾನದ ಹೊರಗೆ ಸಾಲಾಗಿ ನಿಂತ ನೂರಾರು ಸೈಕಲ್ಲುಗಳು. ಮಗನನ್ನು ಟ್ರಾಮ್ ಹಿಡಿಯಲು ಕಳುಹಿಸಿ ಅಂತೋನಿಯೋ ಒಂದು ಸೈಕಲ್ ಕದಿಯುತ್ತಾನೆ, ಕೂಡಲೇ ಸಿಕ್ಕಿಬೀಳುತ್ತಾನೆ. ಟ್ರಾಮ್ ತಪ್ಪಿಸಿಕೊಂಡ ಮಗ ಎಲ್ಲವನ್ನೂ ನೋಡುತ್ತಾನೆ. ಅಳುತ್ತಿರುವ ಹುಡುಗನ ಮುಖ ನೋಡಿ ಸೈಕಲ್ಲಿನ ಒಡೆಯ ದೂರು ಬೇಡವೆನ್ನುತ್ತಾನೆ. ತಂದೆ ಮಗ ಜನಜಂಗುಳಿಯಲ್ಲಿ ನಡೆಯುತ್ತಾ ಹೋಗುತ್ತಾರೆ. ತಂದೆಗೆ ಅಳು ತಡೆಯಲಾಗುವುದಿಲ್ಲ. ಮಗ ಅವನ ಕೈ ಹಿಡಿದುಕೊಳ್ಳುತ್ತಾನೆ. ಅಷ್ಟೇ ಚಿತ್ರ.

ಅಂತೋನಿಯೋನ ಪಾತ್ರ ಮಾಡಿದ ಲಂಬೆರ್ತೋ ಮಜೊರಾನಿ ವೃತ್ತಿಯ ನಟನಲ್ಲ, ಕಾರ್ಖಾನೆಯ ಕಾರ್ಮಿಕ. ಚಿತ್ರ ಜಗತ್ಪ್ರಸಿದ್ಧವಾದ ಮೇಲೆ ಅವನೂ ಕೆಲಸ ಕಳೆದುಕೊಂಡ. ಲಂಡನ್ನಿನಲ್ಲಿ 1950ರಲ್ಲಿ ಈ ಚಿತ್ರವನ್ನು ನೋಡಿದ ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ ಮಾಡುವ ನಿರ್ಧಾರ ತಳೆದರು. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಇದನ್ನು ನೋಡಿದ ಬಿಮಲ್ ರಾಯ್ ಮರುವರ್ಷ ‘ದೋ ಬಿಘಾ ಜಮೀನ್’ ಮಾಡಿದರು. ನಮ್ಮ ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ಯನ್ನು (1986) ಕಂಡವರಿಗೂ ಈ ಅಲೆದಾಟ ಹೊಸದಲ್ಲ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಹೋಗುವ ತಬರ ಅಂತೋನಿಯೋನ ಒಡಹುಟ್ಟಿದವನೇ.

ಕಳ್ಳತನವನ್ನು ಮನ್ನಿಸಿತೇ?

ಹಿರಿಯರ ಮೊದಲನೆಯ ದೂರಿಗೆ ಬರೋಣ. ಇಟಾಲಿಯನ್ ಭಾಷೆಯಲ್ಲಿ ಈ ಚಿತ್ರದ ಹೆಸರು ಬಹುವಚನ: ಕಳ್ಳರು. ಅಮೆರಿಕದಲ್ಲಿ ಬಿಡುಗಡೆ ಮಾಡಿದವರು ಅದನ್ನು ಏಕವಚನಕ್ಕೆ ಇಳಿಸಿದರು. ನಮಗೆಲ್ಲರಿಗೂ ಏಕವಚನದ ಕಳ್ಳನೇ ಇಷ್ಟ. ಕಳ್ಳ ಒಬ್ಬನಾದರೆ ಅವನನ್ನು ಹಿಡಿದು ಕೊಟ್ಟು ನಾವು ಮನೆಗೆ ಹೋಗಿ ಊಟ ಮಾಡಬಹುದು. ಬಹುವಚನ ನಮ್ಮನ್ನು ಹಾಗೆ ಹೋಗಗೊಡುವುದಿಲ್ಲ.

ಸಂತ ಥಾಮಸ್ ಅಕ್ವಿನಾಸರು ಒಂದು ಮಾತು ಹೇಳಿದ್ದಾರೆ: ಪ್ರಾಣಕ್ಕೇ ಕುತ್ತು ಬಂದ ಕಡುಸಂಕಟದಲ್ಲಿ ಒಬ್ಬನು ಬದುಕಲು ಬೇಕಾದುದನ್ನು ತೆಗೆದುಕೊಂಡರೆ ಅದು ಕಳ್ಳತನದ ಪಾಪವೆನಿಸದು. ದೆ ಸೀಕಾ ಬಯಸಿದ್ದರೆ ಇದೇ ನ್ಯಾಯವನ್ನು ನಾಯಕನಿಗೆ ಗುರಾಣಿಯಾಗಿ ಕೊಡಬಹುದಿತ್ತು. ಅವರು ಕೊಡಲಿಲ್ಲ. ಅಂತೋನಿಯೋ ಕದ್ದದ್ದು ಶ್ರೀಮಂತನ ಕಾರನ್ನಲ್ಲ, ತನ್ನಂತಹವನೇ ಒಬ್ಬನ ಸೈಕಲ್ಲನ್ನು. ಅದು ತಪ್ಪೆಂದು ಅವನಿಗೆ ಗೊತ್ತಿದೆ. ಗೊತ್ತಿಲ್ಲದಿದ್ದರೆ ಮಗನನ್ನು ಟ್ರಾಮಿಗೆ ಕಳುಹಿಸುತ್ತಿರಲಿಲ್ಲ. ಕಳ್ಳತನವನ್ನು ಮನ್ನಿಸುವ ಚಿತ್ರ ಅವನ ಮುಖದ ಮೇಲೆ ಅಂತಹ ನಾಚಿಕೆಯನ್ನು ತೋರಿಸುವುದೇ?

ಮನ್ನಿಸಿದವನು ಸೈಕಲ್ಲಿನ ಒಡೆಯ. ಕ್ಷಮೆ ಬೇರೆ, ಸಮರ್ಥನೆ ಬೇರೆ. ತಪ್ಪೇ ಇಲ್ಲದ ಕಡೆ ಕ್ಷಮೆಗೆ ಕೆಲಸವೂ ಇಲ್ಲ. ಪ್ರತಿವಾರ ಪಾಪನಿವೇದನೆಗೆ ಬರುವ ನಮಗೆ ಈ ವ್ಯತ್ಯಾಸವನ್ನು ಒಂದು ಚಲನಚಿತ್ರ ನೆನಪಿಸಬೇಕಾಗಿ ಬಂದುದೇ ಸೋಜಿಗ.

ದೇವಾಲಯವನ್ನು ಗೇಲಿ ಮಾಡಿತೇ?

ಎರಡನೆಯ ದೂರಿಗೆ ಕಾರಣವಾದ ದೃಶ್ಯವಿದು. ಒಂದು ಭಾನುವಾರ. ಉಳ್ಳವರ ಮನೆಯ ಸ್ತ್ರೀಪುರುಷರು ದೇವಾಲಯದಲ್ಲಿ ಬಡವರನ್ನು ಸೇರಿಸಿದ್ದಾರೆ. ಅವರಿಗೆ ಕ್ಷೌರ, ಪೂಜೆ, ಆಮೇಲೆ ಬಿಸಿ ಸಾರು. ಕಳ್ಳನೊಂದಿಗೆ ಮಾತನಾಡುತ್ತಿದ್ದ ಮುದುಕನೊಬ್ಬನನ್ನು ಹಿಂಬಾಲಿಸಿ ಅಂತೋನಿಯೋ ಒಳಗೆ ನುಗ್ಗುತ್ತಾನೆ, ಅವನ ಪಕ್ಕದಲ್ಲಿ ಕುಳಿತು ಕಳ್ಳನ ವಿಳಾಸಕ್ಕಾಗಿ ಕಾಡುತ್ತಾನೆ. ಸುತ್ತಲಿನವರಿಗೆ ಅವನು ಪ್ರಾರ್ಥನೆ ಕೆಡಿಸಲು ಬಂದ ಕಿರಿಕಿರಿ. ಎಲ್ಲರೂ ಅವನನ್ನು ಸುಮ್ಮನಿರಿಸುತ್ತಾರೆ. ಏಕೆ ಬಂದೆ, ನಿನಗೇನಾಯಿತು ಎಂದು ಒಬ್ಬರೂ ಕೇಳುವುದಿಲ್ಲ.

ಪ್ರಿಯರೇ, ಇದರಲ್ಲಿ ಗೇಲಿ ಎಲ್ಲಿದೆ? ಬಲಿಪೂಜೆಯನ್ನು ಯಾರೂ ಹೀಯಾಳಿಸಿಲ್ಲ. ದೇವರ ಮನೆಗೆ ಬಂದ ಒಬ್ಬ ಮನುಷ್ಯನನ್ನು ದೇವರ ಮನೆಯವರು ನೋಡಲಿಲ್ಲ ಎಂದಷ್ಟೇ ತೋರಿಸಿದ್ದಾರೆ. ಅದು ನೋಯಿಸಿದ್ದರೆ, ನಮ್ಮ ದೇವಾಲಯದ ಹಿಂದಿನ ಬೆಂಚುಗಳಲ್ಲಿ ಯಾರು ಕುಳಿತಿರುತ್ತಾರೆಂದು ಕಳೆದ ಭಾನುವಾರವನ್ನು ನೆನೆದು ಹೇಳಿ. ಹೆಸರು ಹೇಳಿ ನೋಡೋಣ.

ಈ ದೂರು ಹಳೆಯದು, ಇದಕ್ಕೊಂದು ಚರಿತ್ರೆಯೇ ಇದೆ. ಅಮೆರಿಕದಲ್ಲಿ 1950ರಲ್ಲಿ ಚಿತ್ರಗಳಿಗೆ ಒಪ್ಪಿಗೆಯ ಮುದ್ರೆ ನೀಡುತ್ತಿದ್ದ ಕಚೇರಿಯ ಮುಖ್ಯಸ್ಥ ಜೋಸೆಫ್ ಬ್ರೀನ್ ಎಂಬ ಕಥೋಲಿಕ. ಎರಡು ದೃಶ್ಯಗಳನ್ನು ತೆಗೆಯದ ಹೊರತು ಮುದ್ರೆಯಿಲ್ಲವೆಂದು ಆತ ಹಠ ಹಿಡಿದ. ಒಂದು, ಬ್ರೂನೋ ಗೋಡೆಯ ಬಳಿ ಮೂತ್ರಕ್ಕೆ ನಿಲ್ಲುವುದು. ಇನ್ನೊಂದು, ಕಳ್ಳನ ಬೆನ್ನಟ್ಟಿದ ಅಂತೋನಿಯೋ ವೇಶ್ಯಾಗೃಹದೊಳಗೆ ಹೋಗುವುದು. ದೆ ಸೀಕಾ ಒಪ್ಪಲಿಲ್ಲ. ಚಿತ್ರ ಮುದ್ರೆಯಿಲ್ಲದೆಯೇ ನಡೆಯಿತು. ಇಟಲಿಯಲ್ಲಿ 1952ರಲ್ಲಿ, ಅದೇ ದೆ ಸೀಕಾರ ‘ಉಂಬೆರ್ತೋ ಡಿ.’ ಎಂಬ ಚಿತ್ರ ಬಂದಾಗ, ಕ್ರೈಸ್ತ ಪ್ರಜಾಪ್ರಭುತ್ವ ಪಕ್ಷದ ರಾಜಕಾರಣಿ ಜೂಲಿಯೋ ಆಂದ್ರೆಯೊತ್ತಿ ಬಹಿರಂಗ ಪತ್ರ ಬರೆದು, ಇಂತಹ ಚಿತ್ರಗಳು ದೇಶಕ್ಕೆ ಕೆಟ್ಟ ಹೆಸರು ತರುತ್ತವೆಂದು ಆಕ್ಷೇಪಿಸಿದರು. ಹೊಟ್ಟೆಗಿಲ್ಲದ ಮುದುಕನಿಗಿಂತ ಅವನ ಚಿತ್ರವೇ ದೇಶಕ್ಕೆ ಹೆಚ್ಚು ಅವಮಾನವೆಂದು ಕಂಡಿತು. ಮುಂದೆ 1995ರಲ್ಲಿ ಚಲನಚಿತ್ರ ಕಲೆಗೆ ನೂರು ವರ್ಷ ತುಂಬಿದಾಗ ವ್ಯಾಟಿಕನ್ ನಲವತ್ತೈದು ಶ್ರೇಷ್ಠ ಚಿತ್ರಗಳ ಪಟ್ಟಿಯೊಂದನ್ನು ಹೊರಡಿಸಿತು. ಅದರಲ್ಲಿ ಮೌಲ್ಯಗಳ ವಿಭಾಗದಲ್ಲಿ ‘ಸೈಕಲ್ ಕಳ್ಳರು’ ಸ್ಥಾನ ಪಡೆಯಿತು. ನಮ್ಮ ಹಿರಿಯರಿಗೆ ನಾನು ಹೇಳಬಯಸುವುದಿಷ್ಟೆ: ಧರ್ಮಸಭೆ ಈ ಚಿತ್ರಕ್ಕೆ ಹೆದರುವುದನ್ನು ಬಿಟ್ಟು ಮೂವತ್ತು ವರ್ಷಗಳಾದವು, ನಾವೂ ಬಿಡೋಣ.

ಮರಿಯ ಹಾಸುಬಟ್ಟೆ ಒಯ್ದ ಗಿರವಿಯ ಕಚೇರಿಯಿದೆಯಲ್ಲ, ಇಟಲಿಯಲ್ಲಿ ಅಂತಹ ಕಚೇರಿಗಳಿಗೆ ‘ಮೊಂತೆ ದಿ ಪಿಯೆತಾ’, ಕರುಣೆಯ ಬೆಟ್ಟ, ಎಂದು ಹೆಸರು. ಬಡ್ಡಿಯವರ ಉರುಳಿನಿಂದ ಬಡವರನ್ನು ಬಿಡಿಸಲು ಫ್ರಾನ್ಸಿಸ್ಕನ್ ಸನ್ಯಾಸಿಗಳು 1462ರಲ್ಲಿ ಪೆರೂಜಾ ನಗರದಲ್ಲಿ ಅದನ್ನು ಆರಂಭಿಸಿದರು. 1515ರಲ್ಲಿ ಐದನೆಯ ಲ್ಯಾಟೆರನ್ ಮಹಾಸಭೆ ಅದಕ್ಕೆ ಒಪ್ಪಿಗೆ ನೀಡಿತು. ಕರುಣೆಯಿಂದ ಹುಟ್ಟಿದ ಏರ್ಪಾಡು ಸುಮಾರು ಐದು ಶತಮಾನಗಳ ನಂತರ ಹಾಸಿಗೆಬಟ್ಟೆಗಳ ಬೆಟ್ಟವಾಗಿ ನಿಂತಿತ್ತು. ಯಾವ ಸತ್ಕಾರ್ಯವೂ ಬಡವನ ಮುಖ ನೋಡುವುದನ್ನು ನಿಲ್ಲಿಸಿದ ದಿನ ಬರಿಯ ಕೌಂಟರ್ ಆಗುತ್ತದೆ. ನಮ್ಮ ಅನ್ನದಾನಕ್ಕೂ ಬಟ್ಟೆದಾನಕ್ಕೂ ಇದು ಸಲ್ಲುವ ಮಾತು.

ನಿರಾಶೆಯನ್ನು ಬಿತ್ತಿತೇ?

ನಿರಾಶೆ ಪಾಪವೆಂದು ನಾವು ಗುರುಮಠದಲ್ಲಿ ಕಲಿತಿದ್ದೇವೆ, ಧರ್ಮೋಪದೇಶದ ತರಗತಿಗಳಲ್ಲಿ ನಿಮ್ಮ ಮಕ್ಕಳಿಗೆ ಕಲಿಸುತ್ತಲೂ ಇದ್ದೇವೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪಾಪದಲ್ಲಿ ಪಾಲುದಾರರಿರುತ್ತಾರೆ. ಅಂತೋನಿಯೋ ಬೆಳಗ್ಗೆ ಹೊರಟಾಗ ನಿರಾಶನಾಗಿರಲಿಲ್ಲ. ಅವನನ್ನು ಬಾಗಿಲಿನಿಂದ ಬಾಗಿಲಿಗೆ ಕಳುಹಿಸಿ ಸಂಜೆಯ ಹೊತ್ತಿಗೆ ನಿರಾಶನನ್ನಾಗಿ ಮಾಡಲಾಯಿತು.

ಗುರುತಿಲ್ಲದ ಹುಡುಗನನ್ನು ನಂಬಿ ಸೈಕಲ್ ಬಿಟ್ಟುಹೋದವನು ಅದು ಕಳೆದ ಮೇಲೆ ಎದುರು ಬಂದವರನ್ನೆಲ್ಲ ಅನುಮಾನಿಸುತ್ತಾನೆ. ಕಡೆಗೆ ಸ್ವಂತ ಮಗನ ಕೆನ್ನೆಗೂ ಹೊಡೆಯುತ್ತಾನೆ. ಅವನಿಂದ ಕದ್ದದ್ದು ಸೈಕಲ್ ಮಾತ್ರವಲ್ಲ. ಆ ಸೈಕಲ್ಲಿನ ಕಂಪನಿಯ ಹೆಸರು ‘ಫೀದೆಸ್’. ಗುರುಮಠದಲ್ಲಿ ಅಲ್ಪಸ್ವಲ್ಪ ಲ್ಯಾಟಿನ್ ಕಲಿತ ನಾನು ಮೊದಲ ಸಲ ಚಿತ್ರ ನೋಡುವಾಗ ಆ ಹೆಸರು ಕೇಳಿ ಬೆಚ್ಚಿದೆ. ಆ ಪದದ ಅರ್ಥ ವಿಶ್ವಾಸ. ದೇವರ ಮೇಲಿನ ವಿಶ್ವಾಸಕ್ಕೂ ನೆರೆಯವನ ಮೇಲಿನ ವಿಶ್ವಾಸಕ್ಕೂ ನಮ್ಮ ಕನ್ನಡದಲ್ಲಿ ಪದ ಒಂದೇ. ನಾವಾದರೋ ಮೊದಲನೆಯದನ್ನು ಭಾನುವಾರಕ್ಕೂ ಎರಡನೆಯದನ್ನು ಬುದ್ಧಿಯಿಲ್ಲದವರಿಗೂ ಹಂಚಿಬಿಟ್ಟಿದ್ದೇವೆ.

ನಮ್ಮ ಸೀಮೆಯ ಸಂಗತಿ

‘ಅದು ಯುದ್ಧ ಮುಗಿದ ರೋಮ್, ಇದು ನಮ್ಮೂರು’ ಎನ್ನುವಿರಿ. ಹಾಗಾದರೆ ನಮ್ಮೂರನ್ನೇ ನೋಡೋಣ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲೊಂದು ಒಳ್ಳೆಯ ಪಾಠವಿದೆ. ಹುಳು ಗೂಡು ಕಟ್ಟಿದ ಮೇಲೆ ರೈತನ ಕೈಯಲ್ಲಿ ಹೆಚ್ಚು ದಿನಗಳಿಲ್ಲ. ಬಿಟ್ಟರೆ ಹತ್ತು ಹನ್ನೆರಡು ದಿನದೊಳಗೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ನೂಲು ಹಾಳು. ಆದುದರಿಂದ ಚಂದ್ರಂಕಿಯಿಂದ ಬಿಡಿಸಿದ ಗೂಡನ್ನು ಅವನು ಸಿಕ್ಕ ಬೆಲೆಗೆ ಮಾರಲೇಬೇಕು. ಕೊಳ್ಳುವವನಿಗೆ ಇದು ಗೊತ್ತು. ಇಂತಹ ಕಡೆ ಮೋಸ ಬಲು ಸುಲಭ. ಇದನ್ನು ತಡೆಯಲೆಂದೇ 1959ರ ಕಾಯಿದೆಯ ಮೂಲಕ ಸರ್ಕಾರ ಗೂಡಿನ ವ್ಯಾಪಾರವನ್ನು ನಿಯಂತ್ರಿಸಿತು. ಎಲ್ಲರೆದುರಿಗೆ ಹರಾಜು, ಎಲ್ಲರೆದುರಿಗೆ ತೂಕ. ಇತ್ತೀಚಿನ ವರ್ಷಗಳಲ್ಲಿ ಇ-ಹರಾಜೂ ಬಂದಿದೆ. ಹಳ್ಳಿಯಿಂದ ಗೂಡು ತಂದ ರೈತನೂ ನೂಲು ಬಿಚ್ಚುವ ಮುಸಲ್ಮಾನ ಕಸುಬುದಾರನೂ ಅಲ್ಲಿ ದಿನವೂ ಒಬ್ಬರನ್ನೊಬ್ಬರು ನಂಬಿ ವ್ಯವಹರಿಸುತ್ತಾರೆ. ಯಾರೂ ಅವರಿಗೆ ನಂಬಿಕೆಯ ಬಗ್ಗೆ ಪ್ರಬೋಧನೆ ಮಾಡಿಲ್ಲ. ನಡುವೆ ಸರಿಯಾದ ತಕ್ಕಡಿಯೊಂದನ್ನು ಇಟ್ಟಿದ್ದಾರೆ. ಜಗಳ, ದೂರು ಅಲ್ಲಿಯೂ ಉಂಟು. ಆದರೂ ನಂಬಿಕೆಗೆ ಒಂದು ಕಟ್ಟಡ ಬೇಕು, ಅದನ್ನು ಕಟ್ಟಬೇಕಾದವರು ಬಲವುಳ್ಳವರು ಎಂಬುದನ್ನು ಆ ಮಾರುಕಟ್ಟೆ ತೋರಿಸಿಕೊಟ್ಟಿದೆ.

ತಕ್ಕಡಿ ಸರಿಯಿದ್ದರೂ ಬೆಲೆ ದೆಹಲಿಯ ಕೈಯಲ್ಲಿದೆ. 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ನೆಲಕಚ್ಚಿತು. ಅಂತಹ ದಿನಗಳಲ್ಲಿ ಬಡವರ ಮನೆಗೆ ಬರುವುದು ಸಾಲ. ಹೀಗೆ ನಾನು ಎರಡನೆಯ ಏರ್ಪಾಡಿಗೆ ಬರುತ್ತೇನೆ: ಗುಂಪಿನ ಸಾಲ. ನಮ್ಮ ಹೆಂಗಸರ ಮಾತಿನಲ್ಲಿ ‘ಸಂಘದ ಸಾಲ’. ಗೌರಿಬಿದನೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವವರ ಮನೆಯಲ್ಲಿ, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹೊರೆ ಹೊರುವವರ ಮನೆಯಲ್ಲಿ, ಚಿಕ್ಕಬಳ್ಳಾಪುರದ ಹೂವಿನ ತೋಟಗಳಲ್ಲಿ ಹೂ ಬಿಡಿಸುವವರ ಮನೆಯಲ್ಲಿ ಆ ಸಾಲದ ಪುಸ್ತಕವನ್ನು ನಾನು ಕಂಡಿದ್ದೇನೆ.

ನ್ಯಾಯವಾಗಿ ಮಾತನಾಡಬೇಕು. ಒಡವೆಯಿಲ್ಲದ, ಪಹಣಿಯಿಲ್ಲದ ಹೆಂಗಸನ್ನು ಬ್ಯಾಂಕು ಒಳಗೂ ಬಿಟ್ಟುಕೊಳ್ಳದ ಕಾಲದಲ್ಲಿ ಈ ಸಾಲ ಅವಳ ಕೈಗೆ ಹಣ ಕೊಟ್ಟಿತು. ಬಾಂಗ್ಲಾದೇಶದಲ್ಲಿ ಇಂತಹ ಸಾಲಕ್ಕೆ ಹೆಸರು ತಂದ ಮುಹಮ್ಮದ್ ಯೂನುಸ್ ಅವರಿಗೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆದರೆ ಅದರ ಒಳಗಿನ ಯಂತ್ರವನ್ನು ನೋಡಿ. ಒತ್ತೆಯಿಡಲು ವಸ್ತುವಿಲ್ಲದವಳಿಂದ ಏನನ್ನು ಒತ್ತೆ ಪಡೆಯುವುದು? ಅವಳ ನೆರೆಹೊರೆಯನ್ನು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ತುಂಬುವವರೆಗೆ ಯಾರೂ ಏಳುವಂತಿಲ್ಲ. ಒಲೆ ಹಚ್ಚುವ ಹೊತ್ತಾದರೂ ಸರಿ, ಕೂಸು ಅತ್ತರೂ ಸರಿ. ನಿನ್ನೆಯವರೆಗೆ ಸಕ್ಕರೆ, ಹಿಟ್ಟು ಬದಲು ಮಾಡಿಕೊಳ್ಳುತ್ತಿದ್ದ ಪಕ್ಕದ ಮನೆಯವಳು ಕಂತಿನ ದಿನ ಕಾವಲುಗಾರ್ತಿಯಾಗುತ್ತಾಳೆ. ಇವಳು ಹೊಸ ಸೀರೆ ಉಟ್ಟಳೇ, ಮಾಂಸ ತಂದಳೇ, ತವರಿಗೆ ಹೋದವಳು ಬರುತ್ತಾಳೋ ಇಲ್ಲವೋ ಎಂದು ಕಣ್ಣಿಡುತ್ತಾಳೆ. ಅವಳ ದುಷ್ಟತನದಿಂದಲ್ಲ, ಅವಳಿಗೂ ಕಂತಿದೆ.

ವಿಮೋಚನಾಕಾಂಡದ 22ನೆಯ ಅಧ್ಯಾಯವನ್ನೂ ಧರ್ಮೋಪದೇಶಕಾಂಡದ 24ನೆಯದನ್ನೂ ಇಂದು ರಾತ್ರಿ ಮನೆಯಲ್ಲಿ ತೆರೆದು ಓದಿ. ಬಡವನ ಹೊದಿಕೆಯನ್ನು ಒತ್ತೆ ಪಡೆದರೆ ಹೊತ್ತು ಮುಳುಗುವ ಮೊದಲು ಮರಳಿಸಬೇಕೆಂದೂ ಬೀಸುವ ಕಲ್ಲನ್ನು ಒತ್ತೆಯಿರಿಸಿಕೊಳ್ಳಲೇ ಕೂಡದೆಂದೂ ಅಲ್ಲಿ ಕಟ್ಟಳೆಯಿದೆ. ಬೀಸುಕಲ್ಲನ್ನು ಕಿತ್ತುಕೊಂಡರೆ ಬದುಕನ್ನೇ ಕಿತ್ತುಕೊಂಡಂತೆ. ಅಂತೋನಿಯೋನ ಸೈಕಲ್ ಅವನ ಬೀಸುಕಲ್ಲು. ನಮ್ಮ ಬಡ ಹೆಂಗಸಿಗೆ ಕಷ್ಟದಲ್ಲಿ ಒದಗುವ ನೆರೆಯವಳೇ ಬೀಸುಕಲ್ಲು; ನಾವು ಅದನ್ನೇ ಒತ್ತೆಗೆ ಕೇಳುತ್ತಿದ್ದೇವೆ.

2009ರಲ್ಲಿ ಕೋಲಾರದಲ್ಲಿ ಮುಸಲ್ಮಾನ ಸಮುದಾಯದ ಮುಖಂಡರು ಈ ಸಾಲಗಳ ವ್ಯವಹಾರ ನಿಲ್ಲಿಸುವಂತೆ ತಮ್ಮವರಿಗೆ ಕರೆಕೊಟ್ಟರು. ರೇಷ್ಮೆಯನ್ನು ನಂಬಿದ ಬೇರೆ ಊರುಗಳಲ್ಲಿಯೂ ಕಂತುಗಳು ನಿಂತವು. ಆಗ ನಮ್ಮಲ್ಲಿ ಎಷ್ಟೋ ಮಂದಿ ‘ನೋಡಿದಿರಾ, ಬಡವರನ್ನು ನಂಬಿದರೆ ಹೀಗೆಯೇ’ ಎಂದರು. ಒಬ್ಬಳಿಗೆ ನಾಲ್ಕು ಕಡೆ ಸಾಲ ಕೊಟ್ಟವರ ವಿವೇಕವನ್ನು ಯಾರೂ ಪ್ರಶ್ನಿಸಲಿಲ್ಲ. ಹದಿನಾರು ವರ್ಷಗಳ ನಂತರ, ವಸೂಲಿಯ ಕಿರುಕುಳದಿಂದ ಜನ ಊರು ಬಿಡುವುದೂ ಪ್ರಾಣ ಕಳೆದುಕೊಳ್ಳುವುದೂ ಸುದ್ದಿಯಾದ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ 
ತಂದಿತು. ಸಾಲ ಕೊಡುವವರು ನೋಂದಾಯಿಸಿಕೊಳ್ಳಬೇಕು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆಮನೆ. ಕಾನೂನು ಬೇಕಿತ್ತು, ಬಂತು. ಆದರೆ ಕಾನೂನು ಬರುವವರೆಗೆ ಆ ಮನೆಗಳ ಬಾಗಿಲಿಗೆ ನಮ್ಮಲ್ಲಿ ಯಾರು ಹೋಗಿದ್ದೆವು?

ನನ್ನ ಪಾಲು

ಈಗ ನನ್ನ ಪಾಲನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಒಬ್ಬ ಮನುಷ್ಯ ಸಂಜೆ ಹೊತ್ತು ಬಂದ. ಮೊಪೆಡ್ಡಿನ ಮೇಲೆ ಸೊಪ್ಪು ತರಕಾರಿ ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗಿ ಮಾರುವವನು. ಕಂತು ಕಟ್ಟಲಾಗದೆ ಮೊಪೆಡ್ಡನ್ನು ಒಯ್ದುಬಿಟ್ಟಿದ್ದರು. ಅವನು ನನ್ನಲ್ಲಿ ಕೇಳಿದ್ದು ಎರಡು ಸಾವಿರ ರೂಪಾಯಿ. ನಾನು ಕೇಳಿದ್ದು ಕಾಗದ. ನಿನ್ನನ್ನು ಬಲ್ಲವರಿಂದ ಒಂದು ಪತ್ರ ತೆಗೆದುಕೊಂಡು ಬಾ, ಭಾನುವಾರ ಪೂಜೆಯ ನಂತರ ನೋಡೋಣ ಎಂದೆ. ಅವನು ಕೈಮುಗಿದು ಹೋದ. ಆ ಭಾನುವಾರವೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅವನ ಮನೆ ಎಲ್ಲಿದೆಯೆಂದು ನಾನು ಕೇಳಿಯೂ ಇರಲಿಲ್ಲ. ಚಿತ್ರದಲ್ಲಿ ಅಂತೋನಿಯೋನನ್ನು ಸುಮ್ಮನಿರಿಸುವವರ ಮುಖಗಳ ನಡುವೆ ನನ್ನ ಮುಖವನ್ನು ಕಂಡೆ. ಅದಕ್ಕಾಗಿಯೇ ಆ ಚಿತ್ರವನ್ನು ನಿಮ್ಮ ಮಕ್ಕಳಿಗೆ ತೋರಿಸಿದೆ.

‘ಮೋಸ ಮಾಡುವವರಿಲ್ಲವೇ ಫಾದರ್?’ ಇದ್ದಾರೆ. ನನ್ನ ಗುರುಜೀವನದಲ್ಲಿ ಹಲವರು ನನಗೆ ಮೋಸ ಮಾಡಿದ್ದಾರೆ. ಹಾಗೆ ಹೋದ ಹಣವನ್ನೆಲ್ಲ ಒಂದು ದಿನ ಕುಳಿತು ಕೂಡಿಸಿ ನೋಡಿದೆ. ನಾವು ಒಂದು ವರ್ಷದ ಹಬ್ಬಕ್ಕೆ ದೀಪಾಲಂಕಾರಕ್ಕೆಂದು ಸುರಿಯುವ ಹಣದಷ್ಟೂ ಅದಿರಲಿಲ್ಲ. ಆ ದೀಪಗಳಿಗೆ ನಾವು ಯಾರಿಂದಲೂ ಶಿಫಾರಸು ಪತ್ರ ಕೇಳಿದವರಲ್ಲ.

ಏನು ಮಾಡಬೇಕೆಂದು ಕೇಳುವಿರಾದರೆ ಮೂರು ಸಣ್ಣ ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದು, ಸಾಲು ನಿಲ್ಲಿಸಿ ಕೊಡುವುದನ್ನು ಬಿಡೋಣ, ಕೊಡುವಾಗ ಫೋಟೊ ತೆಗೆಯುವುದನ್ನಂತೂ ಇಂದಿನಿಂದಲೇ ಬಿಡೋಣ. ಫ್ರೆಡರಿಕ್ ಒಜನಾಮ್ ಮತ್ತು ಗೆಳೆಯರು 1833ರಲ್ಲಿ ಪ್ಯಾರಿಸ್ಸಿನಲ್ಲಿ ವಿನ್ಸೆಂಟ್ ಡಿ ಪೌಲ್ ಸಭೆಯನ್ನು ಆರಂಭಿಸಿದಾಗ ಬಡವರನ್ನು ತಮ್ಮಲ್ಲಿಗೆ ಕರೆಸಿಕೊಳ್ಳಲಿಲ್ಲ, ತಾವೇ ಅವರ ಮನೆಗಳಿಗೆ ಹೋದರು. ಆ ಸಭೆಯ ಸದಸ್ಯರು ನಮ್ಮಲ್ಲಿಯೂ ಇದ್ದಾರೆ. ಅವರೊಂದಿಗೆ ವಾರಕ್ಕೊಂದು ಮನೆಗೆ ಹೋಗಿ, ಕುಳಿತು, ಒಂದು ಲೋಟ ನೀರು ಕುಡಿದು ಬನ್ನಿ. ಎರಡನೆಯದು, ಯಾರದಾದರೂ ಬೀಸುಕಲ್ಲು ಒತ್ತೆಯಲ್ಲಿದ್ದರೆ ಅದನ್ನು ಬಿಡಿಸಲು ಹಬ್ಬದ ಖರ್ಚಿನಿಂದ ಒಂದು ಪಾಲು ತೆಗೆದಿಡೋಣ. ಹೊಲಿಗೆ ಯಂತ್ರ, ಮೊಪೆಡ್, ತಳ್ಳುಗಾಡಿ, ಯಾವುದಾದರೂ ಸರಿ. ಮರಳಿ ಕೊಟ್ಟರೆ ಇನ್ನೊಬ್ಬರಿಗೆ ಒದಗಿತು, ಕೊಡದಿದ್ದರೆ ಎರಡು ಸಾಲು ದೀಪ ಕಡಿಮೆಯಾಯಿತು. ಮೂರನೆಯದು, ಕಂತಿನ ದಿನ ನೆರೆಮನೆಯ ಹೆಂಗಸು ತಲೆತಗ್ಗಿಸಿ ಕುಳಿತಿದ್ದರೆ ಹೋಗಿ ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಮಾತಿನ ಅಗತ್ಯವಿಲ್ಲ.

ಆ ಹಿರಿಯರಿಗೆ ಕೊನೆಯದಾಗಿ ಒಂದು ಮಾತು. ಅಯ್ಯಾ, ಚಿತ್ರದಲ್ಲಿ ಭರವಸೆ ಎಲ್ಲಿದೆಯೆಂದು ತಾವು ಕೇಳಿದಿರಿ. ಸೈಕಲ್ ಸಿಗಲಿಲ್ಲ, ಕೆಲಸ ಉಳಿಯಲಿಲ್ಲ, ಮಾನವೂ ಹೋಯಿತು. ತಂದೆ ಕದಿಯುವುದನ್ನು ಕಣ್ಣಾರೆ ಕಂಡ ಹುಡುಗ ಆಮೇಲೂ ಅವನ ಕೈ ಹಿಡಿದ. ಕೈ ಹಿಡಿಯುವ ಮೊದಲು ಅವನು ಯಾವ ಪತ್ರವನ್ನೂ ಕೇಳಲಿಲ್ಲ.